ಶಿರಾಜಿನಲ್ಲಿ ಹನ್ನೊಂದು ತಿಂಗಳು

ಎರಡು ವರ್ಷದ ಹಿಂದಿನ ಮಾತು. ಸಕ್ಕರೆ ಕಾಯಿಲೆ ಇರುವವರಿಗಾಗಿ ಸಿದ್ಧಪಡಿಸಿದ ಹದಿನಾರು ಪುಟದ ಕೈಪಿಡಿಯೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿಕೊಟ್ಟಿದ್ದೆ. ಪುಣೆಯಲ್ಲಿ ಕೂತು ಅನುವಾದ ಮಾಡಿ ಬದುಕುವವರಿಗೆ ಇಂಥ ಕೆಲಸವೇ ಅನ್ನ. ನಿಘಂಟು ನೋಡಿ, ಎರಡು ಸಲ ತಿದ್ದಿ, ಸಮಾಧಾನದಿಂದ ಕಳಿಸಿದೆ. ವಾರ ಕಳೆದ ಮೇಲೆ ಪ್ರತಿ ಪುಟದಲ್ಲೂ ಕೆಂಪು ಗುರುತು ಹೊತ್ತುಕೊಂಡು ಅದು ವಾಪಸು ಬಂತು. ತಿದ್ದಿದವರು ಹಾವೇರಿ ಜಿಲ್ಲೆಯಲ್ಲಿ ಕೆಲಸ ಮಾಡುವ ಒಬ್ಬ ನರ್ಸ್. ನಾನು ‘ಊಟದ ನಂತರ ಗುಳಿಗೆಯನ್ನು ಸೇವಿಸತಕ್ಕದ್ದು’ ಎಂದು ಬರೆದಿದ್ದ ಕಡೆ ಅವರು ‘ಊಟ ಆದಮೇಲೆ ಗುಳಿಗಿ ತಗೋರಿ’ ಎಂದು ಬರೆದು, ಪಕ್ಕದಲ್ಲಿ ಒಂದು ಸಾಲು ಸೇರಿಸಿದ್ದರು: ‘ತಪ್ಪೇನಿಲ್ರಿ, ಆದ್ರ ಹಿಂಗ ಯಾರೂ ಮಾತಾಡಂಗಿಲ್ಲ.’

ಮೊದಲ ದಿನ ಸಿಟ್ಟು ಬಂತು. ಎರಡನೆಯ ದಿನ ಸಿಟ್ಟು ಇಳಿದು ಹೆದರಿಕೆ ಉಳಿಯಿತು. ನನ್ನ ಕನ್ನಡ ಮನೆಯಲ್ಲಿ ಕೇಳಿದ್ದು, ಪುಸ್ತಕದಲ್ಲಿ ಓದಿದ್ದು. ಕನ್ನಡದ ಬೀದಿಯಲ್ಲಿ ನಾನು ಬದುಕಿದ ವರ್ಷಗಳು ಕಡಿಮೆ. ಈ ಪತ್ರವನ್ನು ಮುಂಬಯಿಯಲ್ಲೋ ಚೆನ್ನೈಯಲ್ಲೋ ದೆಹಲಿಯಲ್ಲೋ ಓದುತ್ತಿರುವ ನಿಮಗೆ ಈ ಹೆದರಿಕೆ ಹೊಸದಿರಲಾರದು. ಊರಿಗೆ ಹೋದಾಗ ತರಕಾರಿ ಅಂಗಡಿಯವಳು ನಮ್ಮ ಮಾತು ಕೇಳಿ ‘ಯಾವೂರವರು ನೀವು?’ ಎಂದು ಕೇಳುತ್ತಾಳಲ್ಲ, ಅದೇ ಹೆದರಿಕೆ.

ಆಗ ನೆನಪಾದವನು ಹೆನ್ರಿ ಮಾರ್ಟಿನ್. ಎಂ.ಎ. ಓದುವಾಗ ಭಾರತದ ಪರ್ಷಿಯನ್ ಭಾಷೆಯ ಬಗ್ಗೆ ಒಂದು ಸೆಮಿನಾರಿಗೆ ತಯಾರಾಗುತ್ತಿದ್ದಾಗ ಈತನ ಕಥೆ ಓದಿದ್ದೆ. ಈಸ್ಟ್ ಇಂಡಿಯಾ ಕಂಪನಿಯ ಪಾದ್ರಿ, ಬೈಬಲ್ ಅನುವಾದಕ. ಆತನಿಗೂ ಇಂಥದೇ ಕೆಂಪು ಗುರುತಿನ ಹಾಳೆಗಳು ಬಂದಿದ್ದವು. ಅದಕ್ಕೆ ಆತ ಕೊಟ್ಟ ಉತ್ತರ ಮಾತ್ರ ವಿಚಿತ್ರ: ಗಂಟುಮೂಟೆ ಕಟ್ಟಿಕೊಂಡು ಪರ್ಷಿಯಾಕ್ಕೆ ಹೊರಟ.

*

ಮಾರ್ಟಿನ್ ಹುಟ್ಟಿದ್ದು 1781ರಲ್ಲಿ, ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್ ಸೀಮೆಯ ಟ್ರೂರೋ ಊರಿನಲ್ಲಿ. ತಂದೆ ಗಣಿಯಲ್ಲಿ ದುಡಿದು, ಆಮೇಲೆ ವ್ಯಾಪಾರಿಯೊಬ್ಬರ ಕಚೇರಿಯಲ್ಲಿ ಗುಮಾಸ್ತನಾದವನು. ಮಗ ಕೇಂಬ್ರಿಜಿಗೆ ಹೋಗಿ 1801ರಲ್ಲಿ ಗಣಿತದಲ್ಲಿ ಇಡೀ ವಿಶ್ವವಿದ್ಯಾಲಯಕ್ಕೇ ಮೊದಲಿಗನಾದ. ವಕೀಲನಾಗಬಹುದಿತ್ತು, ಪ್ರೊಫೆಸರ್ ಆಗಬಹುದಿತ್ತು. ಆತ ಪಾದ್ರಿಯಾಗಿ ಭಾರತಕ್ಕೆ ಹೊರಟ. ಲಿಡಿಯಾ ಗ್ರೆನ್‌ಫೆಲ್ ಎಂಬಾಕೆಯನ್ನು ಪ್ರೀತಿಸಿದ್ದ. ಆಕೆ ಬರಲಿಲ್ಲ. ಪತ್ರಗಳು ಮಾತ್ರ ವರ್ಷಗಟ್ಟಲೆ ಸಮುದ್ರ ದಾಟಿದವು.

ಆ ಕಾಲದಲ್ಲಿ ಕಂಪನಿ ತನ್ನ ಆಳ್ವಿಕೆಯ ಪ್ರದೇಶಕ್ಕೆ ಮಿಷನರಿಗಳನ್ನು ಬಿಟ್ಟುಕೊಳ್ಳುತ್ತಿರಲಿಲ್ಲ. ಜನ ರೊಚ್ಚಿಗೇಳುತ್ತಾರೆ, ವ್ಯಾಪಾರ ಕೆಡುತ್ತದೆ ಎಂಬ ಭಯ. 1813ರ ಸನದು ಬಂದ ಮೇಲಷ್ಟೇ ಈ ಬಾಗಿಲು ತೆರೆದದ್ದು. ಅದಕ್ಕೆ ಮೊದಲು ಬರಬೇಕಾದವರಿಗೆ ಇದ್ದ ಒಂದು ದಾರಿ ಕಂಪನಿಯ ಸೈನಿಕರಿಗೂ ಅಧಿಕಾರಿಗಳಿಗೂ ಪ್ರಾರ್ಥನೆ ನಡೆಸಿಕೊಡುವ ಸಂಬಳದ ಪಾದ್ರಿಯಾಗುವುದು. ಮಾರ್ಟಿನ್ ಹಾಗೆ 1806ರಲ್ಲಿ ಕಲ್ಕತ್ತೆಗೆ ಬಂದಿಳಿದ. ಮೊದಲು ಪಟ್ನಾ ಪಕ್ಕದ ದಾನಾಪುರ, 1809ರಿಂದ ಕಾನ್ಪುರ. ಕಾನ್ಪುರದಲ್ಲಿ ಭಾನುವಾರ ಆತನ ಬಂಗಲೆಯ ಅಂಗಳಕ್ಕೆ ನೂರಾರು ಭಿಕ್ಷುಕರು ಬರುತ್ತಿದ್ದರು. ಅವರಿಗೆ ಆತ ಹಿಂದೂಸ್ತಾನಿಯಲ್ಲಿ ಪಾಠ ಹೇಳುತ್ತಿದ್ದ. ಆದರೆ ಆತನ ಮನಸ್ಸಿದ್ದದ್ದು ಬರವಣಿಗೆಯ ಮೇಜಿನ ಮೇಲೆ. ಬೈಬಲಿನ ಹೊಸ ಒಡಂಬಡಿಕೆಯನ್ನು ಉರ್ದು, ಪರ್ಷಿಯನ್, ಅರಬ್ಬಿ ಮೂರೂ ಭಾಷೆಗೆ ತರುವ ಕೆಲಸ ಅಲ್ಲಿ ನಡೆಯುತ್ತಿತ್ತು.

ಆತ ಒಬ್ಬನೇ ಮಾಡುತ್ತಿದ್ದನೆ? ಇಲ್ಲ. ಉರ್ದುವಿಗೆ ಮಿರ್ಜಾ ಫಿತ್ರತ್ ಎಂಬ ವಿದ್ವಾಂಸನಿದ್ದ. ಪರ್ಷಿಯನ್ ಮತ್ತು ಅರಬ್ಬಿಗೆ ಸಾಬಾತ್ ಎಂಬ ಅರಬ. ಈ ಸಾಬಾತ್ ಹಿಂದೆ ವಿಶಾಖಪಟ್ಟಣದ ನ್ಯಾಯಾಲಯದಲ್ಲಿ ಇಸ್ಲಾಮಿ ಕಾನೂನು ವಿವರಿಸಿ ಹೇಳುವ ಹುದ್ದೆಯಲ್ಲಿದ್ದು, ಕ್ರೈಸ್ತನಾಗಿ ಮತಾಂತರಗೊಂಡವನು. ಬಲ್ಲವನು, ಆದರೆ ಮುಂಗೋಪಿ. ತನ್ನ ಪರ್ಷಿಯನ್ ಎಲ್ಲರದಕ್ಕಿಂತ ಮೇಲು ಎಂಬ ಹಮ್ಮು ಬೇರೆ. ಮಾರ್ಟಿನ್‌ನ ಪತ್ರಗಳಲ್ಲಿ ಇವನ ಜಗಳಗಳ ವರದಿ ಮತ್ತೆ ಮತ್ತೆ ಬರುತ್ತದೆ.

ಉರ್ದು ಅನುವಾದಕ್ಕೆ ಮೆಚ್ಚುಗೆ ಸಿಕ್ಕಿತು. ಪರ್ಷಿಯನ್ ಸುವಾರ್ತೆಗಳು ಮಾತ್ರ ಕಲ್ಕತ್ತೆಯ ಪರೀಕ್ಷಕರ ಮುಂದೆ ಬಿದ್ದುಹೋದವು. ಅರಬ್ಬಿ ಪದಗಳು, ಅರಬ್ಬಿ ನುಡಿಗಟ್ಟುಗಳು ತುಂಬಿಕೊಂಡಿವೆ, ಪಂಡಿತರಿಗೆ ಮಾತ್ರ ಅರ್ಥವಾದೀತು, ಸಾಮಾನ್ಯ ಜನಕ್ಕೆ ಹಂಚಲು ಆಗದು ಎಂದರು. ವರ್ಷಗಳ ಕೆಲಸ ಒಂದು ಷರಾದಲ್ಲಿ ಮುಗಿಯಿತು.

*

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಪರ್ಷಿಯನ್ ಅಂದರೆ ನಮಗೆ ಈಗ ಹೊರದೇಶದ ಭಾಷೆ. ಆಗ ಹಾಗಿರಲಿಲ್ಲ. ಶತಮಾನಗಳಿಂದ ಅದು ಇಲ್ಲಿನ ಆಡಳಿತದ, ಕಾವ್ಯದ, ಲೆಕ್ಕಪತ್ರದ ಭಾಷೆ. ಕಂಪನಿಯ ಕಚೇರಿಗಳಲ್ಲೇ ಅದು 1837ರವರೆಗೆ ಅಧಿಕೃತವಾಗಿತ್ತು. ಬೀದರಿನಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗೀಲಾನಿನವನು. ಕನ್ನಡದ ಜಮೀನು, ದಫ್ತರ, ಗುಮಾಸ್ತ, ಶಿರಸ್ತೇದಾರ ಎಲ್ಲ ಆ ದಾರಿಯಿಂದ ಬಂದವು.

ಆದರೆ ತವರಿನಿಂದ ದೂರ ಬಂದ ಭಾಷೆ ತನ್ನದೇ ದಾರಿ ಹಿಡಿಯುತ್ತದೆ. ಸೆಮಿನಾರಿಗೆ ಓದುವಾಗ ನನಗೆ ತುಂಬ ಇಷ್ಟವಾದ ಉದಾಹರಣೆ ಇದು. ಹಳೆಯ ಪರ್ಷಿಯನ್ನಿನಲ್ಲಿ ಸಿಂಹಕ್ಕೆ ‘ಶೇರ್’, ಹಾಲಿಗೆ ‘ಶೀರ್’. ಭಾರತದಲ್ಲಿ ಈ ವ್ಯತ್ಯಾಸ ಉಳಿಯಿತು. ಹಿಂದಿ ಸಿನೆಮಾದ ಶೇರ್ ಕೂಡ ಅದೇ, ಹೈದರಾಬಾದಿನವರು ರಂಜಾನ್ ಹಬ್ಬಕ್ಕೆ ಮಾಡುವ ಶೀರ್ ಖುರ್ಮಾದ ಶೀರ್ ಕೂಡ ಅದೇ ಹಾಲು. ಇರಾನಿನಲ್ಲಿ ಕಾಲಾಂತರದಲ್ಲಿ ಏಕಾರ ಈಕಾರದಲ್ಲಿ ಸೇರಿಹೋಗಿ, ಸಿಂಹವೂ ‘ಶೀರ್’, ಹಾಲೂ ‘ಶೀರ್’ ಆಯಿತು. ಹೊರಗಿದ್ದವರು ಹಳೆಯದನ್ನು ಕಾಪಾಡಿದರು, ಮನೆಯಲ್ಲಿದ್ದವರು ಬದಲಾದರು. ಪರಊರಿನ ಕನ್ನಡಿಗರ ಮನೆಗಳಲ್ಲಿ ಅಜ್ಜಿಯ ಕಾಲದ ಮಾತು ಉಳಿದಿರುತ್ತದಲ್ಲ, ಹಾಗೆ.

ಯಾರದು ಸರಿ? ಭಾಷಾಶಾಸ್ತ್ರ ಓದಿದವರಿಗೆ ಇದು ಪ್ರಶ್ನೆಯೇ ಅಲ್ಲ, ಎರಡೂ ಸರಿ. ಅನುವಾದಕರಿಗೆ ಮಾತ್ರ ಪ್ರಶ್ನೆ ಉಳಿದೇ ಇರುತ್ತದೆ, ಏಕೆಂದರೆ ಓದುವವರು ಯಾರು ಎಂಬುದು ಅವರಿಗೆ ಮುಖ್ಯ. ಮಾರ್ಟಿನ್‌ಗೆ ತನ್ನ ಪುಸ್ತಕವನ್ನು ಇರಾನಿನ ಜನ ಓದಬೇಕಿತ್ತು. ಕಾನ್ಪುರದ ಬಂಗಲೆಯಲ್ಲಿ ಅರಬನೊಬ್ಬನನ್ನು ಕೂರಿಸಿಕೊಂಡು ಆ ಭಾಷೆ ದಕ್ಕುವುದಿಲ್ಲ ಎಂದು ಆತನಿಗೆ ಮನವರಿಕೆಯಾಯಿತು.

ಆರೋಗ್ಯ ಕೆಟ್ಟಿತ್ತು. ಮನೆತನಕ್ಕೇ ಅಂಟಿದ್ದ ಕ್ಷಯ ಆತನ ಎದೆಯನ್ನೂ ಹಿಡಿದಿತ್ತು. ಸಮುದ್ರ ಪ್ರಯಾಣ ಒಳ್ಳೆಯದು ಎಂಬುದು ವೈದ್ಯರ ಸಲಹೆ. ಹೀಗೆ ರಜೆಯೂ ಸಿಕ್ಕಿತು, ನೆಪವೂ ಸಿಕ್ಕಿತು. ಪರ್ಷಿಯಾಕ್ಕೆ ಹೋಗಿ ಅನುವಾದ ತಿದ್ದಿಸಿಕೊಂಡು, ಅರೇಬಿಯಾಕ್ಕೂ ಹೋಗಿ ಬರುವುದು. ಮೂಲ ಯೋಜನೆಯಲ್ಲಿ ಇದೊಂದು ಚಿಕ್ಕ ಪ್ರವಾಸ.

*

1811ರ ಜನವರಿಯಲ್ಲಿ ಕಲ್ಕತ್ತೆಯಿಂದ ಹಡಗು ಹತ್ತಿದ. ಸಹಪ್ರಯಾಣಿಕರಲ್ಲಿ ಒಬ್ಬ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್. ಪುಣೆಯ ಪೇಶ್ವೆ ಆಸ್ಥಾನಕ್ಕೆ ರೆಸಿಡೆಂಟ್ ಆಗಿ ಹೊರಟವನು, ಮುಂದೆ ಬೊಂಬಾಯಿಯ ಗವರ್ನರ್ ಆದವನು. ಗೋವಾದಲ್ಲಿ ಇಳಿದು ಫ್ರಾನ್ಸಿಸ್ ಕ್ಸೇವಿಯರನ ಸಮಾಧಿ ನೋಡಿದರು. ಫೆಬ್ರವರಿ 18ಕ್ಕೆ ಬೊಂಬಾಯಿ. ಅಂದು ಮಾರ್ಟಿನ್‌ಗೆ ಮೂವತ್ತು ತುಂಬಿತು.

ಬೊಂಬಾಯಿಯಲ್ಲಿ ಐದು ವಾರ ಇದ್ದ. ಪರ್ಷಿಯಾಕ್ಕೆ ರಾಯಭಾರಿಯಾಗಿ ಹೋಗಿ ಬಂದಿದ್ದ ಜಾನ್ ಮಾಲ್ಕಮ್ ಪರಿಚಯ ಪತ್ರಗಳನ್ನು ಬರೆದುಕೊಟ್ಟ. ಅಲ್ಲಿ ಮಾರ್ಟಿನ್ ಭೇಟಿಯಾದವರಲ್ಲಿ ಪಾರ್ಸಿ ಪಂಡಿತ ಮುಲ್ಲಾ ಫಿರೋಜ್ ಕೂಡ ಒಬ್ಬ. ಮುಲ್ಲಾ ಫಿರೋಜ್ ಹುಡುಗನಾಗಿದ್ದಾಗಲೇ ತಂದೆಯ ಜೊತೆ ಇರಾನಿಗೆ ಹೋಗಿ ಅಲ್ಲಿ ವರ್ಷಗಟ್ಟಲೆ ಓದಿ ಬಂದವನು. ಆತ ಕೂಡಿಟ್ಟ ಹಸ್ತಪ್ರತಿಗಳು ಇವತ್ತಿಗೂ ಮುಂಬಯಿಯ ಕಾಮಾ ಓರಿಯಂಟಲ್ ಇನ್‌ಸ್ಟಿಟ್ಯೂಟಿನಲ್ಲಿವೆ. ಪರ್ಷಿಯನ್ ಕಲಿಯಲು ತವರಿಗೇ ಹೋಗಿಬಂದವನೊಬ್ಬ, ಹೋಗುತ್ತಿರುವವನೊಬ್ಬ, ಇಬ್ಬರೂ ಬೊಂಬಾಯಿಯಲ್ಲಿ ಎದುರುಬದುರು ಕೂತಿದ್ದರು.

ಮಸ್ಕತ್ ಮಾರ್ಗವಾಗಿ ಮೇ ತಿಂಗಳಲ್ಲಿ ಇರಾನಿನ ಬುಶೆಹರ್ ಬಂದರು. ಅಲ್ಲಿ ಮಾರ್ಟಿನ್ ಕೋಟು ಬಿಚ್ಚಿಟ್ಟು, ಅಗಲವಾದ ನೀಲಿ ಷರಾಯಿ, ಕೆಂಪು ಬೂಟು, ಕುರಿದೊಗಲಿನ ಕಪ್ಪು ಟೋಪಿ ಹಾಕಿಕೊಂಡ. ಅಲ್ಲಿಂದ ಶಿರಾಜಿಗೆ ಹತ್ತು ದಿನದ ಹಾದಿ. ರಾತ್ರಿ ನಡೆದು ಹಗಲು ನಿಲ್ಲುವ ಕಾರವಾನ್. ಒಂದು ಹಗಲು ಉಷ್ಣತೆ 126 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು, ಈಗಿನ ಲೆಕ್ಕದಲ್ಲಿ 52 ಸೆಲ್ಸಿಯಸ್. ತಲೆಗೂ ಮೈಗೂ ಒದ್ದೆ ಬಟ್ಟೆ ಸುತ್ತಿಕೊಂಡು ಮಲಗಿದ. ಆಮೇಲೆ ಗುಡ್ಡ ಹತ್ತಿದ ಹಾಗೆ ಚಳಿ. ಕ್ಷಯದ ರೋಗಿ ಹೀಗೆ ಜೂನ್ 9ಕ್ಕೆ ಶಿರಾಜ್ ತಲುಪಿದ. ಸಾದಿಯ ಊರು, ಹಾಫಿಜನ ಊರು. ಪರ್ಷಿಯನ್ ತಿದ್ದಿಸಿಕೊಳ್ಳಲು ಇದಕ್ಕಿಂತ ಕಠಿಣವಾದ ಶಾಲೆ ಇನ್ನೊಂದಿರಲಿಲ್ಲ.

*

ಆಶ್ರಯ ಕೊಟ್ಟವನು ಜಾಫರ್ ಅಲಿ ಖಾನ್ ಎಂಬ ಗೃಹಸ್ಥ. ಆತನ ಭಾವಮೈದುನ ಮಿರ್ಜಾ ಸೈಯದ್ ಅಲಿ, ಸೂಫಿ ಒಲವಿನ ತರುಣ, ಅನುವಾದಕ್ಕೆ ಜೊತೆಯಾಗಲು ಒಪ್ಪಿದ. ಕಾನ್ಪುರದಿಂದ ತಂದ ಹಳೆಯ ಪ್ರತಿಗೆ ತೇಪೆ ಹಾಕುವ ಯೋಚನೆ ಬಿಟ್ಟು, ಬಂದ ವಾರದಲ್ಲೇ, ಜೂನ್ 17ರಂದು, ಮೊದಲಿನಿಂದ ಶುರು ಮಾಡಿದರು.

ಮಾರ್ಟಿನ್‌ಗೆ ಗ್ರೀಕ್ ಮೂಲ ಗೊತ್ತಿತ್ತು, ಸೈಯದ್ ಅಲಿಗೆ ಶಿರಾಜಿನ ಮಾತು ಗೊತ್ತಿತ್ತು. ಒಬ್ಬ ಅರ್ಥ ಹೇಳಬೇಕು, ಇನ್ನೊಬ್ಬ ಅದನ್ನು ಆಡಿ ತೋರಿಸಬೇಕು. ಇಂಥ ಕೆಲಸ ಮಾಡಿದವರಿಗೆ ಇದು ಎಷ್ಟು ನಿಧಾನ ಎಂದು ಗೊತ್ತು. ಅರ್ಥ ಹೇಳುವವನು ತಾನು ಓದಿಕೊಂಡಿದ್ದು ಎಷ್ಟು ಮಸುಕು ಎಂದು ಪ್ರತಿ ಸಾಲಿಗೂ ಕಂಡುಕೊಳ್ಳುತ್ತಾನೆ. ಎದುರಿಗಿದ್ದವನು ‘ಹಾಗಂದರೇನು?’ ಎಂದು ಕೇಳುತ್ತಾನೆ. ಸೈಯದ್ ಅಲಿ ಕೇಳುತ್ತಿದ್ದದ್ದು ಬರೀ ಪದಗಳ ಬಗ್ಗೆ ಆಗಿರಲಿಲ್ಲ. ದೇವರಿಗೆ ಮಗನಿರುವುದು ಹೇಗೆ, ಪಾಪವನ್ನು ಇನ್ನೊಬ್ಬ ಹೊರುವುದು ಹೇಗೆ ಎಂಬುದೂ ಅದರಲ್ಲಿ ಸೇರಿತ್ತು. ಬೇಸಿಗೆಯಲ್ಲಿ ಊರಾಚೆಯ ತೋಟದಲ್ಲಿ ಡೇರೆ ಹಾಕಿ, ಅಲ್ಲಿ ಹರಿಯುವ ನೀರಿನ ಪಕ್ಕ ಕೂತು ಕೆಲಸ ಮಾಡಿದರು.

ಅರಬ್ಬಿ ಪದಗಳು ಪೂರ್ತಿ ಹೋದವೆ? ಹೋಗಲಿಲ್ಲ, ಹೋಗುವಂತೆಯೂ ಇರಲಿಲ್ಲ. ಪರ್ಷಿಯನ್ನಿನಿಂದ ಅರಬ್ಬಿಯನ್ನು ಕಿತ್ತುಹಾಕುವುದು ಅಂದರೆ ಕನ್ನಡದಿಂದ ಸಂಸ್ಕೃತವನ್ನು ಕಿತ್ತುಹಾಕಿದ ಹಾಗೆ. ಹದಿಮೂರನೆಯ ಶತಮಾನದಲ್ಲಿ ಆಂಡಯ್ಯ ‘ಕಬ್ಬಿಗರ ಕಾವ’ದಲ್ಲಿ ಸಂಸ್ಕೃತ ತತ್ಸಮಗಳನ್ನು ದೂರವಿಟ್ಟ. ಅದು ಕವಿಯ ಪಣ. ದಿನಬಳಕೆಯ ಮಾತು ಹಾಗಿರುವುದಿಲ್ಲ. ಯಾವ ಅರಬ್ಬಿ ಪದ ಶಿರಾಜಿನ ಬಾಯಲ್ಲಿ ಪರ್ಷಿಯನ್ ಆಗಿಬಿಟ್ಟಿದೆ, ಯಾವುದು ಇನ್ನೂ ಮದರಸಾದಲ್ಲೇ ಉಳಿದಿದೆ ಎಂಬ ತೀರ್ಮಾನಕ್ಕೆ ನಿಘಂಟು ಸಾಲದು. ಆ ಬಾಯಿಯೇ ಎದುರಿಗೆ ಬೇಕು. ನನ್ನ ಕೈಪಿಡಿಯ ‘ಗುಳಿಗೆ’ ಹಾವೇರಿಯಲ್ಲಿ ಉಳಿದುಕೊಂಡಿತು, ‘ಸೇವಿಸತಕ್ಕದ್ದು’ ಹೋಯಿತು. ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂದು ಪುಣೆಯಲ್ಲಿ ಕೂತ ನನಗೆ ಹೇಳಲು ಆಗುತ್ತಿರಲಿಲ್ಲ.

ಇದರ ಜೊತೆಗೆ ವಾದಗಳೂ ನಡೆದವು. ಫಿರಂಗಿ ಪಾದ್ರಿಯೊಬ್ಬ ಬಂದಿದ್ದಾನೆಂದು ಊರಿನ ವಿದ್ವಾಂಸರು ಮನೆಗೆ ಬಂದು ಚರ್ಚಿಸಿದರು. ಮಿರ್ಜಾ ಇಬ್ರಾಹಿಂ ಎಂಬ ಹಿರಿಯ ವಿದ್ವಾಂಸ ಇಸ್ಲಾಮನ್ನು ಸಮರ್ಥಿಸಿ ಅರಬ್ಬಿಯಲ್ಲಿ ಒಂದು ಪ್ರಬಂಧವನ್ನೇ ಬರೆದ. ಮಾರ್ಟಿನ್ ಪರ್ಷಿಯನ್ನಿನಲ್ಲಿ ಉತ್ತರ ಬರೆದ. ಈ ವಾದ-ಪ್ರತಿವಾದಗಳು 1824ರಲ್ಲಿ ಕೇಂಬ್ರಿಜಿನಲ್ಲಿ ಪುಸ್ತಕವಾದವು. ಯಾರೂ ಯಾರನ್ನೂ ಒಪ್ಪಿಸಲಿಲ್ಲ. ತನ್ನದೊಂದೇ ಸತ್ಯ ಎಂಬ ನಂಬಿಕೆಯನ್ನು ಮಾರ್ಟಿನ್ ಕೊನೆಯವರೆಗೂ ಸಡಿಲಿಸಲಿಲ್ಲ, ಎದುರಿನವರೂ ಸಡಿಲಿಸಲಿಲ್ಲ. ಮತಪ್ರಚಾರದ ಲೆಕ್ಕದಲ್ಲಿ ನೋಡಿದರೆ ಈ ಪ್ರವಾಸದ ಫಲ ಹೆಚ್ಚುಕಡಿಮೆ ಸೊನ್ನೆ.

ಆದರೂ ದಿನಚರಿಯ ಒಂದು ಪ್ರಸಂಗ ನನ್ನ ಮನಸ್ಸಿನಲ್ಲಿ ಉಳಿದಿದೆ. ಆಗ ಪರ್ಷಿಯಾಕ್ಕೂ ರಷ್ಯಾಕ್ಕೂ ಯುದ್ಧ ನಡೆಯುತ್ತಿತ್ತು. ಯುವರಾಜ ಅಬ್ಬಾಸ್ ಮಿರ್ಜಾನ ಗೆಲುವೊಂದನ್ನು ಹೊಗಳಿ ಸ್ನೇಹಿತನೊಬ್ಬ ಕಟ್ಟಿದ ದ್ವಿಪದಿಯನ್ನು ಸೈಯದ್ ಅಲಿ ಹೇಳಿದ. ಯುವರಾಜ ಎಷ್ಟು ಕ್ರೈಸ್ತರನ್ನು ಕೊಂದನೆಂದರೆ, ಕ್ರಿಸ್ತನೇ ಸ್ವರ್ಗದಲ್ಲಿ ಮಹಮ್ಮದನ ಅಂಗಿಯಂಚು ಹಿಡಿದು ಸಾಕು ನಿಲ್ಲಿಸು ಎಂದು ಬೇಡಿಕೊಂಡ ಎಂಬುದು ಅದರ ಭಾವ. ಮಾರ್ಟಿನ್‌ನ ಮುಖ ಕಂದಿತು. ಸೈಯದ್ ಅಲಿ ಅದನ್ನು ಗಮನಿಸಿ, ಹೇಳಬಾರದಿತ್ತು ಎಂದು ನೊಂದುಕೊಂಡ. ಜೊತೆಗೇ, ಅದರಲ್ಲಿ ಅಷ್ಟು ನೋವಾಗುವಂಥದ್ದು ಏನಿದೆ ಎಂದೂ ಕೇಳಿದ. ತಿಂಗಳುಗಟ್ಟಲೆ ಒಂದೇ ಪುಸ್ತಕದ ಮುಂದೆ ಕೂತವರ ನಡುವೆ ಮಾತ್ರ ಇಂಥ ಪ್ರಶ್ನೆ ಬರುತ್ತದೆ. ಒಪ್ಪಿಗೆ ಇಲ್ಲ, ಆದರೆ ಎದುರಿನವನಿಗೆ ಎಲ್ಲಿ ನೋಯುತ್ತದೆ ಎಂದು ತಿಳಿಯುವ ಆಸೆ ಇದೆ.

1812ರ ಫೆಬ್ರವರಿ 24ರಂದು ಹೊಸ ಒಡಂಬಡಿಕೆ ಮುಗಿಯಿತು. ಎಂಟು ತಿಂಗಳು. ನಂತರ ಕೀರ್ತನೆಗಳ ಪುಸ್ತಕವೂ ಆಯಿತು.

*

ಮುಂದಿನದು ದುಃಖದ ಕಥೆ, ಬೇಗ ಹೇಳಿಬಿಡುತ್ತೇನೆ. ಷಾಗೂ ಯುವರಾಜನಿಗೂ ಒಪ್ಪಿಸಲು ಎರಡು ಚಂದದ ಪ್ರತಿಗಳನ್ನು ಲಿಪಿಕಾರರಿಂದ ಬರೆಸಿ, ಮೇ ತಿಂಗಳಲ್ಲಿ ಶಿರಾಜ್ ಬಿಟ್ಟ. ಷಾನ ಬೀಡಿನಲ್ಲಿ ಪ್ರಧಾನಿ ಮಿರ್ಜಾ ಶಫೀ ಎದುರು ವಾಗ್ವಾದವಾಗಿ ಸಭೆ ಕೆರಳಿತು. ಪುಸ್ತಕವನ್ನು ಯಾರಾದರೂ ತುಳಿದಾರೆಂದು ಮಾರ್ಟಿನ್ ಅದನ್ನು ಎತ್ತಿಕೊಂಡು ಬಟ್ಟೆಯಲ್ಲಿ ಸುತ್ತಿದ. ರಾಯಭಾರಿಯ ಪತ್ರವಿಲ್ಲದೆ ಷಾನ ದರ್ಶನ ಇಲ್ಲ ಎಂದರು. ತಬ್ರೀಜಿಗೆ ಹೋಗುವಷ್ಟರಲ್ಲಿ ವಿಪರೀತ ಜ್ವರ. ಅಲ್ಲಿ ಬ್ರಿಟಿಷ್ ರಾಯಭಾರಿ ಗೋರ್ ಔಸ್ಲಿ ಮತ್ತು ಆತನ ಹೆಂಡತಿ ವಾರಗಟ್ಟಲೆ ಆರೈಕೆ ಮಾಡಿದರು. ಷಾಗೆ ಪುಸ್ತಕ ಒಪ್ಪಿಸುವ ಹೊಣೆಯನ್ನು ಔಸ್ಲಿ ವಹಿಸಿಕೊಂಡ.

ಇಂಗ್ಲೆಂಡಿಗೆ ಹೋಗಿ ಚೇತರಿಸಿಕೊಂಡು ಮತ್ತೆ ಬರುತ್ತೇನೆಂದು ಸೆಪ್ಟೆಂಬರಿನಲ್ಲಿ ಕುದುರೆ ಹತ್ತಿದ ಮಾರ್ಟಿನ್ ತುರ್ಕಿಯ ತೋಕಾತ್ ಊರು ದಾಟಲಿಲ್ಲ. ದಿನಚರಿಯ ಕೊನೆಯ ಬರಹ ಅಕ್ಟೋಬರ್ 6ರದ್ದು. ಆ ದಿನ ಕುದುರೆ ಸಿಗದೆ, ಒಂದು ತೋಟದಲ್ಲಿ ಸುಮ್ಮನೆ ಕೂತಿದ್ದನ್ನು ಬರೆದಿದ್ದಾನೆ. ಅಕ್ಟೋಬರ್ 16ರಂದು ತೀರಿಕೊಂಡ. ವಯಸ್ಸು 31. ಮಣ್ಣು ಮಾಡಿದವರು ಅಲ್ಲಿನ ಅರ್ಮೇನಿಯನ್ನರು.

ಪುಸ್ತಕ ಬದುಕಿತು. ಫತ್ ಅಲಿ ಷಾ ಅದನ್ನು ಸ್ವೀಕರಿಸಿ ಬರೆದ ಪತ್ರದಲ್ಲಿ ಅನುವಾದದ ಸರಳ ಶೈಲಿಯನ್ನೇ ಹೊಗಳಿದ. ಕಲ್ಕತ್ತೆಯ ಪರೀಕ್ಷಕರ ಆಕ್ಷೇಪಕ್ಕೆ ಅದಕ್ಕಿಂತ ನೇರ ಉತ್ತರ ಬೇಕಿರಲಿಲ್ಲ. ಔಸ್ಲಿ ಒಂದು ಪ್ರತಿಯನ್ನು ರಷ್ಯಾಕ್ಕೆ ಒಯ್ದ. ಅದು 1815ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅಚ್ಚಾಯಿತು. ಅದೇ ರಷ್ಯನ್ನರ ಸೋಲಿನ ಮೇಲೆ ದ್ವಿಪದಿ ಕಟ್ಟಿದ್ದ ಊರಿನ ಭಾಷೆ, ರಷ್ಯಾದ ಅಚ್ಚುಕೂಟದಲ್ಲಿ. ಇನ್ನೊಂದು ಆವೃತ್ತಿ 1816ರಲ್ಲಿ ಕಲ್ಕತ್ತೆಯಲ್ಲಿ ಬಂತು. ಅದರ ಅಚ್ಚಿನ ಕೆಲಸ ನೋಡಿಕೊಳ್ಳಲು ಸೈಯದ್ ಅಲಿಯನ್ನೇ ಕರೆಸಿಕೊಂಡರು.

ಚರಿತ್ರೆಯಲ್ಲಿ ಮಾತ್ರ ಅದು ‘ಮಾರ್ಟಿನ್ ಅನುವಾದ’. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ವರ್ಷಗಟ್ಟಲೆ ಅಲ್ಲೇ ಇದ್ದು ಬೈಬಲನ್ನು ಕನ್ನಡಕ್ಕೆ ತಂದ. ಅದಕ್ಕೂ ಅವನ ಹೆಸರೇ. ಸೈಯದ್ ಅಲಿಯ ಹೆಸರಾದರೂ ನಮಗೆ ತಲುಪಿದೆ, ಅದೂ ಮಾರ್ಟಿನ್ ತನ್ನ ದಿನಚರಿಯಲ್ಲಿ ಅವನ ಮಾತುಗಳನ್ನು ಬಿಡದೆ ಬರೆದಿಟ್ಟಿದ್ದರಿಂದ.

ಈಗ ಅಮೆರಿಕದಿಂದ, ಕೊರಿಯಾದಿಂದ ಎರಡು ವಾರದ ರಜೆ ಹಾಕಿ ಹೊರದೇಶಗಳಿಗೆ ಹೋಗಿ ಬೈಬಲ್ ಪಾಠ ಹೇಳಿ ಬರುವವರು ಬೇಕಾದಷ್ಟಿದ್ದಾರೆ. ಪಕ್ಕದಲ್ಲಿ ದುಭಾಷಿ ನಿಂತಿರುತ್ತಾನೆ. ಬೋಧಕ ಹೇಳುತ್ತಾನೆ, ದುಭಾಷಿ ತಿರುಗಿಸುತ್ತಾನೆ, ಕೇಳುವವರು ತಲೆಯಾಡಿಸುತ್ತಾರೆ. ಧರ್ಮದ ಮಾತಷ್ಟೇ ಅಲ್ಲ, ನಮ್ಮ ತರಬೇತಿ ಶಿಬಿರಗಳು, ಆರೋಗ್ಯ ಕಾರ್ಯಕ್ರಮಗಳು ಕೂಡ ಹೆಚ್ಚಾಗಿ ಹೀಗೇ. ಮಾರ್ಟಿನ್ ಕೂಡ ಬೋಧಿಸಬೇಕೆಂದೇ ಹೋದವನು. ಆದರೆ ಬೋಧಿಸಿದ್ದು ಗಾಳಿಗೆ ಹೋಗಿ, ತಿದ್ದಿಸಿಕೊಂಡಿದ್ದು ನಿಂತಿತು. 1869ರಲ್ಲಿ ಪಂಜಾಬಿನಲ್ಲಿ ಕೆಲಸ ಮಾಡುತ್ತಿದ್ದ ರಾಬರ್ಟ್ ಬ್ರೂಸ್ ಎಂಬ ಮಿಷನರಿ ಅದೇ ಅನುವಾದವನ್ನು ಪರಿಷ್ಕರಿಸುವ ಉದ್ದೇಶದಿಂದ ಸ್ವಲ್ಪ ಕಾಲದ ಮಟ್ಟಿಗೆಂದು ಇರಾನಿಗೆ ಹೋದ. ಅರ್ಧ ಶತಮಾನದಲ್ಲಿ ಭಾಷೆ ಮತ್ತೆ ಸರಿದಿತ್ತು. ಅವನೂ ಬೇಗ ವಾಪಸು ಬರಲಿಲ್ಲ, ವರ್ಷಗಟ್ಟಲೆ ಅಲ್ಲೇ ಉಳಿದ.

ಹಾವೇರಿಯ ನರ್ಸಿಗೆ ನಾನು ಫೋನ್ ಮಾಡಿದೆ. ಒಂದು ಗಂಟೆ ಮಾತಾಡಿದೆವು. ‘ಕಾಲು ಜುಮುಗುಡುವುದು’ ಎಂದು ನಾನು ಬರೆದಿದ್ದಕ್ಕೆ ಅವರ ಆಸ್ಪತ್ರೆಗೆ ಬರುವವರು ಏನೆನ್ನುತ್ತಾರೆ ಎಂದು ಕೇಳಿದೆ. ಅವರು ನಾಲ್ಕು ಬಗೆಯಲ್ಲಿ ಹೇಳಿ ತೋರಿಸಿದರು, ವಯಸ್ಸಾದವರದು ಒಂದು ಬಗೆ, ಹೆಣ್ಣುಮಕ್ಕಳದು ಇನ್ನೊಂದು. ಆಮೇಲಿನ ಎರಡು ಕೈಪಿಡಿಗಳನ್ನು ಇಬ್ಬರೂ ಸೇರಿಯೇ ಮಾಡಿದೆವು. ಕೊನೆಯ ಪುಟದಲ್ಲಿ ಅವರ ಹೆಸರನ್ನೂ ಹಾಕಬೇಕೆಂದು ಬರೆದು ಕಳಿಸಿದೆ. ಅಚ್ಚಾಗಿ ಬಂದಾಗ ನೋಡಿದರೆ ಇಬ್ಬರ ಹೆಸರೂ ಇರಲಿಲ್ಲ. ಫೋನಿನಲ್ಲಿ ಹೇಳಿದಾಗ ಅವರು ನಕ್ಕು, ‘ಇರ್ಲಿ ಬಿಡ್ರಿ, ಮಂದಿ ಓದಾಕತ್ತಾರ’ ಎಂದರು. ನನಗಿನ್ನೂ ‘ಇರಲಿ ಬಿಡಿ’ ಎನ್ನಲು ಆಗಿಲ್ಲ. ಮುಂದಿನ ಕೆಲಸದ ಕರಾರುಪತ್ರದಲ್ಲಿ ಆ ಸಾಲನ್ನು ಮೊದಲೇ ಸೇರಿಸಿದ್ದೇನೆ.